ನೀರಾಟದ ಸಾಮಾನು ಕೊಳ್ಳುವ ಮೊದಲು ಬಕೆಟ್ ಎಣಿಸಿ

2023ರ ಬೇಸಿಗೆ ರಜೆಯಲ್ಲಿ ನಾನೊಂದು ಗಾಳಿ ತುಂಬುವ ತೊಟ್ಟಿ ತಂದೆ. ಐದಡಿ ಅಗಲ, ತಳದಲ್ಲಿ ಡಾಲ್ಫಿನ್ ಚಿತ್ರ. ನಮ್ಮದು ಬೆಂಗಳೂರಿನಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ, ಮೇಲೆ ತಾರಸಿ. ಬಾಯಲ್ಲಿ ಊದಿ ಊದಿ ತಲೆ ಸುತ್ತಿತು. ಆಮೇಲೆ ಪೈಪು ಹಾಕಿ ನೀರು ಬಿಟ್ಟೆ. ತೊಟ್ಟಿ ಅರ್ಧ ತುಂಬುವ ಹೊತ್ತಿಗೆ ಕೆಳಗಿನ ಮನೆಯ ನಲ್ಲಿಯಲ್ಲಿ ಬರೀ ಗಾಳಿ. ಆ ಮನೆಯ ಆಂಟಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೇಲೆ ಬಂದರು. ಮುಂದಿನದು ಬೇಡ ಬಿಡಿ.

ಇಷ್ಟೆಲ್ಲ ಆಗಿ ನನ್ನ ಮಗಳು ಆ ತೊಟ್ಟಿಯಲ್ಲಿ ಕೂತು ಮಾಡಿದ್ದೇನು ಗೊತ್ತಾ? ಚೊಂಬಿನಲ್ಲಿ ನೀರು ಮೊಗೆಮೊಗೆದು ಹೊರಗೆ ಸುರಿದಳು. ಅಷ್ಟೇ.

ಅಂದಿನಿಂದ ನಾನು ನೀರಾಟದ ಸಾಮಾನು ಕೊಳ್ಳುವ ಕ್ರಮವನ್ನೇ ತಿರುಗಿಸಿಕೊಂಡಿದ್ದೇನೆ. ಮೊದಲು ನೀರು, ಆಮೇಲೆ ಜಾಗ, ಆಮೇಲೆ ಮಗುವಿನ ವಯಸ್ಸು. ಅಂಗಡಿ ಕೊನೆಗೆ.

ಹಂತ 1: ನೀರಿನ ಲೆಕ್ಕ ಹಾಕಿ

ದುಂಡನೆಯ ತೊಟ್ಟಿಗೆ ಒಂದು ಸುಲಭದ ಲೆಕ್ಕ ಇದೆ. ಅಗಲ ಎಷ್ಟು ಅಡಿಯೋ ಅದನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 11ರಿಂದ ಗುಣಿಸಿ. ಅರ್ಧ ಅಡಿ ಎತ್ತರ ನೀರು ನಿಲ್ಲಿಸಲು ಎಷ್ಟು ಲೀಟರ್ ಬೇಕು ಎನ್ನುವುದು ಸಿಗುತ್ತದೆ. ಮೂರಡಿ ತೊಟ್ಟಿಗೆ ಸುಮಾರು 100 ಲೀಟರ್. ನಾಲ್ಕಡಿಗೆ 175. ಐದಡಿಗೆ 275. ಡಬ್ಬದ ಮೇಲೆ ಬರೆಯುವುದು ಹೊರಗಿನ ಅಗಲ, ಗಾಳಿ ತುಂಬಿದ ಅಂಚು ಸ್ವಲ್ಪ ಜಾಗ ತಿನ್ನುತ್ತದೆ. ಹಾಗಾಗಿ ನಿಜಕ್ಕೂ ಹಿಡಿಯುವುದು ಇದಕ್ಕಿಂತ ತುಸು ಕಡಿಮೆ.

ಲೀಟರಿನಲ್ಲಿ ಹೇಳಿದರೆ ಮನಸ್ಸಿಗೆ ನಾಟುವುದಿಲ್ಲ. ಕುಡಿಯುವ ನೀರಿನ ಕ್ಯಾನು 20 ಲೀಟರ್, ಅಲ್ವಾ? ಹಾಗಾದರೆ ಮೂರಡಿ ತೊಟ್ಟಿ ಎಂದರೆ ಐದು ಕ್ಯಾನು. ನನ್ನ ಡಾಲ್ಫಿನ್ ತೊಟ್ಟಿ ಹದಿಮೂರು ಹದಿನಾಲ್ಕು ಕ್ಯಾನು. ಆಂಟಿ ಮೇಲೆ ಬಂದದ್ದರಲ್ಲಿ ತಪ್ಪೇನಿಲ್ಲ.

ತೊಟ್ಟಿಗಿಂತ ಮೋಸ ಮಾಡುವುದು ಪೈಪಿಗೆ ಸಿಕ್ಕಿಸುವ ಕಾರಂಜಿ ಚಾಪೆ, ಸ್ಪ್ರಿಂಕ್ಲರ್ ಥರದವು. ನೋಡಲು ತೆಳ್ಳಗೆ ಚಿಮ್ಮುತ್ತಿರುತ್ತದೆ, ನೀರು ಖರ್ಚಾಗುವುದು ಗೊತ್ತೇ ಆಗುವುದಿಲ್ಲ. ಕೊಳ್ಳುವ ಮೊದಲು ನಿಮ್ಮ ಪೈಪಿನಿಂದ ಒಂದು 20 ಲೀಟರ್ ಬಕೆಟ್ ತುಂಬಿಸಿ, ಎಷ್ಟು ಹೊತ್ತು ಹಿಡಿಯಿತು ನೋಡಿ. ಎರಡು ನಿಮಿಷ ಹಿಡಿದರೆ ನಿಮಿಷಕ್ಕೆ 10 ಲೀಟರ್. ಮಕ್ಕಳು ಅರ್ಧ ಗಂಟೆ ಕುಣಿದರೆ 300 ಲೀಟರ್ ಚರಂಡಿಗೆ ಹೋಯಿತು. ತೊಟ್ಟಿಯ ನೀರನ್ನಾದರೂ ಆಮೇಲೆ ಗಿಡಕ್ಕೆ ಹಾಕಬಹುದು.

ಪಿಚಕಾರಿಯದು ಬೇರೆ ಕಥೆ. ಒಂದು ಲೀಟರ್ ಹಿಡಿಯುವ ಪಿಚಕಾರಿಯನ್ನು ಇಪ್ಪತ್ತು ಸಲ ತುಂಬಿಸಿದರೂ ಒಂದೇ ಬಕೆಟ್. ನಾನು ಮನೆಯಲ್ಲಿ ಮಾಡಿರುವ ನಿಯಮ ಇದು: ಒಂದು ಮಗುವಿಗೆ ದಿನಕ್ಕೆ ಎರಡು ಬಕೆಟ್, ಅದರಲ್ಲಿ ಆಡಬಹುದಾದದ್ದು ಮಾತ್ರ ಕೊಳ್ಳುವುದು. ಜಿಪುಣತನ ಅನಿಸಬಹುದು. ಆದರೆ 2024ರ ಮಾರ್ಚ್ ನೆನಪಿದೆಯಾ? ಬೆಂಗಳೂರಿನ ಬೋರ್‌ವೆಲ್‌ಗಳು ಸಾಲುಸಾಲಾಗಿ ಒಣಗಿದ್ದವು. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ, ಕೈತೋಟಕ್ಕೆ ಬಿಟ್ಟರೆ ₹5,000 ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. ಅಂಥ ವರ್ಷದಲ್ಲಿ ತಾರಸಿ ಮೇಲೆ ಕಾರಂಜಿ ಚಿಮ್ಮಿಸುತ್ತಾ ಕೂರಲಾಗುವುದಿಲ್ಲ. ಎರಡು ಬಕೆಟ್ ಆಟಕ್ಕೆ ಯಾವ ವರ್ಷವೂ ಯಾರೂ ಬೇಡ ಅನ್ನುವುದಿಲ್ಲ.

ನೀರು ಉಳಿಸುವ ಹುಮ್ಮಸ್ಸಿನಲ್ಲಿ ಬಟ್ಟೆ ಒಗೆದ ನೀರನ್ನು ಆಟಕ್ಕೆ ಕೊಡಬೇಡಿ. ಆಟದ ನೀರು ಬಾಯಿಗೆ ಹೋಗಿಯೇ ಹೋಗುತ್ತದೆ. ಮೊದಲು ಒಳ್ಳೆಯ ನೀರಿನಲ್ಲಿ ಆಡಲಿ, ಆಮೇಲೆ ಆ ನೀರಲ್ಲಿ ತಾರಸಿ ತೊಳೆಯಿರಿ.

ಹಂತ 2: ಜಾಗ ನೋಡಿ

ತಾರಸಿ ಇರುವವರಿಗೆ ಮೂರು ಮಾತು.

ಒಂದು, ತೂಕ. ಒಂದು ಲೀಟರ್ ನೀರು ಒಂದು ಕಿಲೋ. ಜನ ಓಡಾಡುವ ತಾರಸಿಯನ್ನು ಕಟ್ಟುವಾಗ ನಮ್ಮಲ್ಲಿ ಚದರ ಮೀಟರಿಗೆ ಸುಮಾರು 150 ಕಿಲೋ ಭಾರ ಬೀಳಬಹುದು ಎಂದು ಲೆಕ್ಕ ಇಟ್ಟುಕೊಳ್ಳುತ್ತಾರೆ. ಅರ್ಧ ಅಡಿ ನೀರು ಸರಿಯಾಗಿ ಅಷ್ಟೇ ತೂಗುತ್ತದೆ. ಹಾಗಾಗಿ ಎರಡಡಿ ನೀರು ನಿಲ್ಲುವ ದೊಡ್ಡ ತೊಟ್ಟಿ ತಾರಸಿಗೆ ಬೇಡವೇ ಬೇಡ. ಅದು ನೆಲದ ಮೇಲೆ ಇಡುವಂಥದ್ದು.

ಎರಡು, ಒತ್ತಡ. ಕಾರಂಜಿ ಚಾಪೆಯ ಡಬ್ಬದ ಮೇಲೆ ನೀರು ಮಗುವಿನ ತಲೆಗಿಂತ ಎತ್ತರಕ್ಕೆ ಹಾರುತ್ತಿರುತ್ತದೆ. ನಿಮ್ಮ ತಾರಸಿಯ ನಲ್ಲಿಯೋ, ಸಿಂಟೆಕ್ಸ್ ಟ್ಯಾಂಕಿನ ಕಾಲಬುಡದಲ್ಲೇ ಇರುತ್ತದೆ. ಟ್ಯಾಂಕಿನಿಂದ ನೀರು ಎಷ್ಟು ಕೆಳಗೆ ಇಳಿದು ಬಂದಿದೆಯೋ ಅಷ್ಟೇ ಅದಕ್ಕೆ ರಭಸ. ಮೂರಡಿ ಇಳಿದ ನೀರು ಚಾಪೆಯಲ್ಲಿ ಉಗುಳಿದ ಹಾಗೆ ಬರುತ್ತದೆ. ಅದೇ ಚಾಪೆ ನೆಲಮಹಡಿಯ ಅಂಗಳದಲ್ಲಿ ಚೆನ್ನಾಗಿ ಚಿಮ್ಮೀತು. ಇದನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ.

ಮೂರು, ಪ್ಯಾರಪಿಟ್ ಗೋಡೆ. ಅದಕ್ಕೆ ಒತ್ತಿಸಿ ತೊಟ್ಟಿ, ಸ್ಟೂಲು, ಕುರ್ಚಿ ಏನೂ ಇಡಬೇಡಿ. ಒದ್ದೆ ಕಾಲಿನ ಮಗು ಅದರ ಮೇಲೆ ಹತ್ತಿ ಕೆಳಗಿನ ರಸ್ತೆಗೆ ನೀರು ಹಾರಿಸಲು ನೋಡುತ್ತದೆ. ಆರಡಿ ಆಚೆಗೇ ಇರಲಿ. ಮೂಲೆಯಲ್ಲಿ ಪಾಚಿ ಕಟ್ಟಿದ್ದರೆ ಹಿಂದಿನ ದಿನವೇ ಉಜ್ಜಿ ತೆಗೆಯಿರಿ.

ಅಂಗಳ ಇರುವ ಮನೆಯಾದರೆ ಮೊದಲು ಸಂಪಿನ ಮುಚ್ಚಳ ನೋಡಿ. ನೀರು ತುಂಬಿಕೊಳ್ಳಲು ಸಂಪು ತೆರೆದು, ಮುಚ್ಚುವುದು ಮರೆತು ಹೋಗುವುದೇ ಆಟದ ದಿನ. ಮುಚ್ಚಿ, ಬೀಗ ಹಾಕಿ, ಆಮೇಲೆ ಮಕ್ಕಳನ್ನು ಕರೆಯಿರಿ.

ರಜೆಗೆ ಅಜ್ಜಿ ಮನೆಗೆ ಹೋಗುವ ಮಕ್ಕಳ ವಿಷಯದಲ್ಲಿ ನನಗೆ ದೊಡ್ಡ ಹೆದರಿಕೆ ಎಂದರೆ ಕೃಷಿ ಹೊಂಡ. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಡಿ ಬಯಲುಸೀಮೆಯ ಹೊಲಗಳಲ್ಲಿ ಇವು ಬಹಳ ಆದವು. ರೈತರಿಗೆ ಒಳ್ಳೆಯದೇ ಆಯಿತು. ಆದರೆ ಹೊಂಡದ ಒಳಗೆ ಹಾಸಿರುವ ಪ್ಲಾಸ್ಟಿಕ್ ಹಾಳೆ ಒದ್ದೆಯಾದರೆ ಸೋಪಿನ ಹಾಗೆ ಜಾರುತ್ತದೆ. ಇಳಿಜಾರಿನ ಗೋಡೆ, ಹಿಡಿದುಕೊಳ್ಳಲು ಏನೂ ಇಲ್ಲ. ಈಜು ಬರುವ ದೊಡ್ಡವರೂ ಹತ್ತಿ ಬರಲಾರದೆ ಮುಳುಗುತ್ತಾರೆ. ಆ ನೀರಿಗೆ ಸರಿಹೊಂದುವ ಆಟಿಕೆ ಯಾವ ಅಂಗಡಿಯಲ್ಲೂ ಇಲ್ಲ. ಗಾಳಿ ತುಂಬುವ ರಿಂಗು, ತೋಳುಪಟ್ಟಿ ಊರಿಗೆ ಹೊರಟ ಚೀಲದಲ್ಲಿ ಇಡಲೇಬೇಡಿ. ಅವು ಕೈಯಲ್ಲಿದ್ದರೆ ಮಕ್ಕಳಿಗೆ ಹೊಂಡ, ಕೆರೆ ಕಡೆ ಹೋಗುವ ಧೈರ್ಯ ಬರುತ್ತದೆ.

ಹೊತ್ತೂ ಒಂದು ಥರ ಜಾಗವೇ. ರಾಯಚೂರು, ಕಲಬುರಗಿ ಕಡೆ ಮಧ್ಯಾಹ್ನ ಟ್ಯಾಂಕಿನ ನೀರು ಸ್ನಾನದ ನೀರಿನಷ್ಟು ಕಾಯುತ್ತದೆ. ಬಿಸಿಲಲ್ಲಿ ಬಿದ್ದ ಕಪ್ಪು ಪೈಪಿನೊಳಗಿನ ಮೊದಲ ನೀರಂತೂ ಚರ್ಮ ಸುಡುವಷ್ಟಿರುತ್ತದೆ. ಅದನ್ನು ಮೊದಲು ಬಕೆಟಿಗೆ ಬಿಟ್ಟು, ಮಣಿಕಟ್ಟಿನ ಮೇಲೆ ನೋಡಿಕೊಂಡು, ಆಮೇಲೆ ಪೈಪು ಮಗುವಿನ ಕೈಗೆ ಕೊಡಿ. ಬೆಳಿಗ್ಗೆ ಒಂಬತ್ತೂವರೆಯೊಳಗೆ ಅಥವಾ ಸಂಜೆ ನಾಲ್ಕೂವರೆ ಮೇಲೆ ಆಡಿದರೆ ಈ ರಗಳೆಯೇ ಇಲ್ಲ. ಸಂಜೆ ಆಟದಲ್ಲಿ ಒಂದೇ ತಕರಾರು, ಏಪ್ರಿಲ್ ಮೇ ತಿಂಗಳ ಮಾವಿನ ಮಳೆ. ಗುಡುಗು ಕೇಳಿದ ಕೂಡಲೇ ಎಲ್ಲರೂ ಒಳಗೆ.

ಹಂತ 3: ಮಗುವಿನ ಕೈ ನೋಡಿ

ಮೂರು ವರ್ಷದ ಒಳಗಿನ ಮಗುವಿಗೆ ಏನೂ ಕೊಳ್ಳಬೇಡಿ. ನಿಜ ಹೇಳುತ್ತಿದ್ದೇನೆ. ಅಗಲವಾದ ಬೋಗುಣಿ, ಎರಡು ಸ್ಟೀಲ್ ಲೋಟ, ಪ್ಲಾಸ್ಟಿಕ್ ಜರಡಿ, ಎಣ್ಣೆ ಸುರಿಯುವ ಆಲಿಕೆ ಒಂದು ಸಾಕು. ಈ ವಯಸ್ಸಿಗೆ ನೀರು ಸುರಿಯುವುದೇ ಆಟ. ಏನೇ ಕೊಟ್ಟರೂ ಅದು ಬಾಯಲ್ಲಿ ಹಿಡಿಯದಷ್ಟು ದೊಡ್ಡದಿರಬೇಕು. ಹತ್ತು ರೂಪಾಯಿ ನಾಣ್ಯ 27 ಮಿಲಿಮೀಟರ್ ಅಗಲ. ಆ ಗಾತ್ರದ್ದು, ಅದಕ್ಕಿಂತ ತುಸು ದೊಡ್ಡದು ಕೂಡ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಚೆಂಡಾದರೆ ದೊಡ್ಡ ನಿಂಬೆಹಣ್ಣಿಗಿಂತ ದಪ್ಪ ಇರಲಿ.

ಮೂರರಿಂದ ಆರರವರೆಗೆ ಗಿಡಕ್ಕೆ ನೀರು ಹಾಕುವ ಡಬ್ಬಿ, ತೇಲುವ ದೋಣಿ, ಎಳೆದು ತಳ್ಳುವ ಸಣ್ಣ ಪಿಚಕಾರಿ. ಕುದುರೆ (ಟ್ರಿಗರ್) ಒತ್ತುವ ನೀರಿನ ಬಂದೂಕು ಈ ಕೈಗಳಿಗೆ ಆಗುವುದಿಲ್ಲ. ಅಂಗಡಿಯಲ್ಲೇ ಮಗುವಿನ ಕೈಗೆ ಕೊಟ್ಟು ಒತ್ತಿಸಿ ನೋಡಿ. ಎರಡು ಕೈ ಸೇರಿಸಿ ಒತ್ತಿದರೂ ಆಗದಿದ್ದರೆ ಮನೆಯಲ್ಲಿ ಅದನ್ನು ಒತ್ತುತ್ತಾ ಕೂರುವವರು ನೀವೇ.

ಆರು ದಾಟಿದವರಿಗೆ ಗಾಳಿ ಪಂಪು ಮಾಡಿ ಹಾರಿಸುವ ಬಂದೂಕು ಹಿಡಿಸುತ್ತದೆ. ಇದನ್ನು ಕಂಡುಹಿಡಿದದ್ದು ಆಟಿಕೆಯವರಲ್ಲ, ನಾಸಾದಲ್ಲಿ ಕೆಲಸ ಮಾಡಿದ ಲಾನಿ ಜಾನ್ಸನ್ ಎಂಬ ಎಂಜಿನಿಯರ್. 1982ರಲ್ಲಿ ಮನೆಯ ಸ್ನಾನದ ಕೋಣೆಯಲ್ಲಿ ನೀರಿನಿಂದ ನಡೆಯುವ ಹೀಟ್ ಪಂಪ್ ಪ್ರಯೋಗ ಮಾಡುತ್ತಿದ್ದಾಗ ನಳಿಕೆಯಿಂದ ನೀರು ರಪ್ಪನೆ ಹಾರಿತಂತೆ. 1990ರಲ್ಲಿ ಅದು ಮಾರುಕಟ್ಟೆಗೆ ಬಂತು, ಮರುವರ್ಷ ಸೂಪರ್ ಸೋಕರ್ ಎಂದು ಹೆಸರಾಯಿತು. ಗಾಳಿಯ ಒತ್ತಡ ಇರುವುದರಿಂದ ಇದರ ನೀರು ಕಣ್ಣಿಗೆ ಜೋರಾಗಿಯೇ ಹೊಡೆಯುತ್ತದೆ. ಕುತ್ತಿಗೆಯಿಂದ ಮೇಲೆ ಹಾರಿಸುವಂತಿಲ್ಲ, ತಪ್ಪಿದರೆ ಅವತ್ತಿಗೆ ಆಟ ಬಂದ್.

ಹತ್ತು ದಾಟಿದವರು ಕೊಳ್ಳುವುದಕ್ಕಿಂತ ಮಾಡಿಕೊಳ್ಳುವುದು ಚೆಂದ. ಮಲೆನಾಡಿನವರಾದರೆ ಬಿದಿರಿನ ಪಿಚಕಾರಿ ಗೊತ್ತಿರಬೇಕು. ಒಂದು ಗೆಣ್ಣು ಉಳಿಸಿಕೊಂಡು ಬಿದಿರು ಕತ್ತರಿಸಿ, ಗೆಣ್ಣಿನ ಮಧ್ಯೆ ಸಣ್ಣ ತೂತು ಮಾಡಿ. ಕೋಲಿನ ತುದಿಗೆ ಹಳೆ ಬಟ್ಟೆ ಬಿಗಿಯಾಗಿ ಸುತ್ತಿ ಕಟ್ಟಿ, ಒದ್ದೆ ಮಾಡಿ ತೆರೆದ ಬಾಯಿಂದ ತೂರಿಸಿ. ಬಟ್ಟೆ ನೀರು ಕುಡಿದು ಉಬ್ಬಿದರೆ ಸಂದು ಮುಚ್ಚಿಕೊಳ್ಳುತ್ತದೆ. ತೂತಿನ ಕಡೆ ನೀರಲ್ಲಿ ಮುಳುಗಿಸಿ ಕೋಲು ಎಳೆದರೆ ತುಂಬಿತು, ತಳ್ಳಿದರೆ ಚಿಮ್ಮಿತು. ಅಂಚಿನ ಸಿಬಿರು ಮಾತ್ರ ಉಪ್ಪುಕಾಗದದಲ್ಲಿ ಉಜ್ಜಬೇಕು. ಓಕುಳಿಗೆ ಹಿಂದೆ ಬಳಸುತ್ತಿದ್ದದ್ದು ಇಂಥವನ್ನೇ.

ಎಲ್ಲ ವಯಸ್ಸಿಗೂ ಆಗುವ ಇನ್ನೊಂದಿದೆ, ಸ್ಪಂಜಿನ ಚೆಂಡು. ಪಾತ್ರೆ ತೊಳೆಯುವ ಮೆತ್ತನೆಯ ಹೊಸ ಸ್ಪಂಜು ಮೂರು ತನ್ನಿ. ಉಜ್ಜುವ ಹಸಿರು ಪದರ ಇಲ್ಲದ್ದು. ಒಂದೊಂದನ್ನೂ ಉದ್ದಕ್ಕೆ ಮೂರು ಪಟ್ಟಿ ಮಾಡಿ. ಒಂಬತ್ತು ಪಟ್ಟಿಗಳನ್ನು ಮೂರರ ಮೇಲೆ ಮೂರು ಜೋಡಿಸಿ ನಡುವಿಗೆ ನೈಲಾನ್ ದಾರದಿಂದ ಬಿಗಿದು ಕಟ್ಟಿದರೆ ತುದಿಗಳು ಹೂವಿನ ಹಾಗೆ ಅರಳಿ ಚೆಂಡಾಗುತ್ತದೆ. ಬಕೆಟಲ್ಲಿ ಅದ್ದಿ ಎಸೆದರೆ ಮೈಮೇಲೆ ಪಚಕ್ ಎನ್ನುತ್ತದೆ, ನೋವಾಗುವುದಿಲ್ಲ. ನೀರಿನ ಬಲೂನಿನ ಮಜಾ ಎಲ್ಲ ಇದರಲ್ಲಿದೆ. ಒಂದು ಬಕೆಟಿನಲ್ಲಿ ಆರು ಮಕ್ಕಳು ಒಂದು ಗಂಟೆ ಆಡಿದ್ದನ್ನು ನೋಡಿದ್ದೇನೆ. ತೀರಾ ಚಿಕ್ಕವರು ಸ್ಪಂಜನ್ನು ಕಚ್ಚಿ ತುಂಡು ಮಾಡುತ್ತಾರೆ, ಅವರ ಮೇಲೆ ಒಂದು ಕಣ್ಣಿರಲಿ.

ಹಂತ 4: ಈಗ ಅಂಗಡಿಗೆ ನಡೆಯಿರಿ

ಮೊದಲು ಐಎಸ್‌ಐ ಗುರುತು ಹುಡುಕಿ. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಇದು ಕಡ್ಡಾಯ. ಗುರುತಿನ ಮೇಲೆ ಐಎಸ್ 9873 ಎಂದಿರುತ್ತದೆ, ಬ್ಯಾಟರಿಯದಾದರೆ ಐಎಸ್ 15644. ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರುತ್ತದೆ. ಈ ಗುರುತು ಕೊಡುವ ಸಂಸ್ಥೆಯದೇ ಆದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ಕಂಪನಿ, ಯಾವ ಸಾಮಾನು ಎಂದು ತೋರಿಸುತ್ತದೆ. ಅಂಗಡಿಯಲ್ಲಿ ನಿಂತೇ ನೋಡಬಹುದು, ಒಂದು ನಿಮಿಷದ ಕೆಲಸ. ಜಾತ್ರೆ, ಸಿಗ್ನಲ್ಲಿನಲ್ಲಿ ಮಾರುವ ಪಿಚಕಾರಿಯಲ್ಲಿ ಈ ಗುರುತು ನನಗೆ ಕಂಡದ್ದು ಕಡಿಮೆ.

ಚನ್ನಪಟ್ಟಣದ ಗೊಂಬೆಯಂಥ ಭೌಗೋಳಿಕ ಗುರುತಿನ (ಜಿಐ ಟ್ಯಾಗ್) ಕರಕುಶಲ ಆಟಿಕೆಗೆ ಈ ನಿಯಮದಿಂದ ವಿನಾಯಿತಿ ಇದೆ. ಹಾಗೆಂದು ಅದನ್ನು ನೀರಿಗೆ ತರಬೇಡಿ. ಮರ ಉಬ್ಬುತ್ತದೆ, ಅರಗಿನ ಹೊಳಪು ಬೆಳ್ಳಗಾಗಿ ಹೋಗುತ್ತದೆ.

ಆಮೇಲೆ ಮೂಗು. ಗಾಳಿ ತುಂಬುವ ಸಾಮಾನಿನ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸಲು ಥಾಲೇಟ್ ಎಂಬ ರಾಸಾಯನಿಕ ಬೆರೆಸುತ್ತಾರೆ, ಐಎಸ್ 9873ರ ಒಂಬತ್ತನೇ ಭಾಗ ಇರುವುದು ಇದರ ಬಗ್ಗೆಯೇ. ಡಬ್ಬ ತೆರೆದ ಕೂಡಲೇ ಘಾಟು ವಾಸನೆ ತಲೆಗೆ ಏರಿದರೆ ವಾಪಸ್ ಕೊಡಿ. ವಾಸನೆ ಇಲ್ಲದ್ದೆಲ್ಲ ಒಳ್ಳೆಯದು ಅಂತಲ್ಲ, ಗುರುತೂ ಇರಬೇಕು. ಬೆಸುಗೆಯ ಅಂಚು ಕೈಗೆ ಚುಚ್ಚುತ್ತದಾ ನೋಡಿ. ಗಾಳಿ ಬಾಯಿಯ ಬಿರಡೆ ಒಳಕ್ಕೆ ಒತ್ತಿ ಕೂರುವಂತಿರಲಿ. ಪಿಚಕಾರಿಯ ಮೂತಿ ಎಳೆದು ನೋಡಿ, ಕಿತ್ತು ಬಂದರೆ ಬೇಡ. ಬ್ಯಾಟರಿ ಬಂದೂಕಾದರೆ ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕು. ಬಟನ್ ಸೆಲ್ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು.

ಹಿಚುಕಿದರೆ ನೀರು ಉಗುಳುವ ಬಾತುಕೋಳಿ, ಮೀನು ಎಲ್ಲರ ಮನೆಯಲ್ಲೂ ಇವೆ. ಹೋದ ವರ್ಷ ನಮ್ಮನೆಯ ಒಂದನ್ನು ಬ್ಲೇಡಿನಲ್ಲಿ ಸೀಳಿ ನೋಡಿದೆ. ಒಳಗೆ ಕಪ್ಪು ಬೂಷ್ಟು! ಒಳಗಿನ ನೀರು ಒಣಗಲು ದಾರಿಯೇ ಇಲ್ಲವಲ್ಲ. ತೂತು ಇಲ್ಲದ್ದನ್ನೇ ತನ್ನಿ.

ಹಂತ 5: ಇವು ಮಾತ್ರ ಬೇಡ

ನೀರಿಗೆ ಹಾಕಿದರೆ ಊದುವ ಬಣ್ಣದ ಜೆಲ್ಲಿ ಮಣಿಗಳು. ಒಣಗಿದ್ದಾಗ ಸಾಸಿವೆ ಕಾಳು, ನೆನೆದರೆ ಗೋಲಿ. ಮಗು ನುಂಗಿದರೆ ಹೊಟ್ಟೆಯೊಳಗೂ ಹಾಗೇ ಊದಿ ಕರುಳು ಕಟ್ಟಿಕೊಳ್ಳುತ್ತದೆ. ಸಾಧಾರಣ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದೂ ಇಲ್ಲ. ಅಮೆರಿಕದಲ್ಲಿ 2023ರ ಕೊನೆಗೆ ಅಮೆಜಾನ್, ವಾಲ್‌ಮಾರ್ಟ್, ಟಾರ್ಗೆಟ್ ಮಕ್ಕಳಿಗೆಂದು ಇವನ್ನು ಮಾರುವುದನ್ನೇ ನಿಲ್ಲಿಸಿದವು. ನಮ್ಮಲ್ಲಿ ಹೂದಾನಿಗೆ ಹಾಕಲೂ ಇವು ಸಿಗುತ್ತವೆ. ಇವನ್ನೇ ಗುಂಡಿನಂತೆ ಹಾರಿಸುವ ಬಂದೂಕೂ ಬಂದಿದೆ. ಅಕ್ಕ ಆಡಿ ಬಿಟ್ಟ ಒಂದು ಮಣಿ ಸೋಫಾ ಕೆಳಗೆ ಉರುಳಿದರೆ ಸಾಕು, ತೆವಳುವ ತಮ್ಮನಿಗೆ ಮೊದಲು ಸಿಗುವುದು ಅದೇ.

ನೀರಿನ ಬಲೂನು. ಒಡೆದ ರಬ್ಬರ್ ತುಂಡು ಗಂಟಲಿಗೆ ಅಂಟಿಕೊಂಡರೆ ಉಸಿರು ಕಟ್ಟುತ್ತದೆ. ಮತ್ತೆ ಮತ್ತೆ ತುಂಬಿಸಬಹುದಾದ ಸಿಲಿಕೋನ್ ಚೆಂಡುಗಳಲ್ಲಿ ಕೆಲವಕ್ಕೆ ಮುಚ್ಚಿಕೊಳ್ಳಲು ಅಯಸ್ಕಾಂತ ಇರುತ್ತದೆ. ಎರಡು ಅಯಸ್ಕಾಂತ ಹೊಟ್ಟೆ ಸೇರಿದರೆ ನಡುವೆ ಕರುಳನ್ನು ಕಚ್ಚಿ ಹಿಡಿಯುತ್ತವೆ. ಅಂಥದ್ದು ಬೇಡ.

ಹಂತ 6: ಮಗುವಿಗೆ ತೋರಿಸುವ ಮೊದಲು ನೀವು ಆಡಿ

ತೊಟ್ಟಿಗೆ ಗಾಳಿ ತುಂಬಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಸೊರಗಿದ್ದರೆ ಬಿಲ್ಲು ಹಿಡಿದು ಅಂಗಡಿಗೆ ಹೋಗಿ. ಪೈಪಿನ ಆಟಿಕೆ ತಂದವರಿಗೆ ಇನ್ನೊಂದು ತಲೆನೋವು ಕಾದಿರುತ್ತದೆ: ಅದರ ಮೂತಿ ತಿರುಪಿನದು, ನಮ್ಮ ನಲ್ಲಿ ಅರ್ಧ ಇಂಚಿನ ನುಣ್ಣನೆಯದು. ಹಾರ್ಡ್‌ವೇರ್ ಅಂಗಡಿಗೆ ಆಟಿಕೆಯನ್ನೇ ಒಯ್ದು ಸರಿಹೊಂದುವ ಜೋಡಣೆ, ಬಿಗಿಯಲು ಒಂದು ಕ್ಲಿಪ್ಪು ಕೇಳಿ. ಬೋರ್ ನೀರು ಗಡಸಾಗಿದ್ದರೆ ವಾರದಲ್ಲೇ ಸಣ್ಣ ತೂತುಗಳು ಬಿಳಿ ಉಪ್ಪು ಕಟ್ಟಿ ಮುಚ್ಚಿಕೊಳ್ಳುತ್ತವೆ. ನಿಂಬೆರಸ ಅಥವಾ ವಿನೆಗರ್ ನೀರಲ್ಲಿ ಒಂದು ಗಂಟೆ ನೆನೆಸಿ, ಹಳೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ.

ಹಂತ 7: ಆಟದ ಹೊತ್ತಲ್ಲಿ

ಪುಟ್ಟ ಮಗು ಮುಳುಗಲು ಎರಡು ಇಂಚು ನೀರು ಸಾಕು, ಮುಳುಗುವಾಗ ಕೂಗು ಕೂಡ ಬರುವುದಿಲ್ಲ. ಹಾಗಾಗಿ ಒಬ್ಬ ದೊಡ್ಡವರು ಕೈಗೆಟಕುವ ದೂರದಲ್ಲಿ ಕೂರಲೇಬೇಕು. "ಎಲ್ಲರೂ ಇದ್ದೀವಲ್ಲ" ಎನ್ನುವ ಮನೆಯಲ್ಲಿ ಯಾರೂ ನೋಡುತ್ತಿರುವುದಿಲ್ಲ. ನಮ್ಮಲ್ಲಿ ಯಾರ ಸರದಿಯೋ ಅವರ ಕೊರಳಿಗೆ ಒಂದು ಸೀಟಿ. ಸೀಟಿ ಹಾಕಿಕೊಂಡವರು ಫೋನು ಮುಟ್ಟುವಂತಿಲ್ಲ. ಬಾಗಿಲು ತೆರೆಯಲು ಏಳಬೇಕಾದರೆ ಸೀಟಿ ಇನ್ನೊಬ್ಬರ ಕೊರಳಿಗೆ ಹೋಗಬೇಕು, ಇಲ್ಲವೇ ಮಕ್ಕಳೆಲ್ಲ ನೀರಿನಿಂದ ಹೊರಗೆ.

ಹಂತ 8: ಆಟ ಮುಗಿದ ಮೇಲೆ

ಕೂಡಲೇ ನೀರನ್ನು ಗಿಡಕ್ಕೋ ತಾರಸಿ ತೊಳೆಯಲೋ ಬಳಸಿ ಖಾಲಿ ಮಾಡಿ. ನಾಳೆಗೂ ಆಗುತ್ತದೆ ಎಂದು ತೊಟ್ಟಿ, ಬಕೆಟ್ ಹಾಗೇ ಬಿಡಬೇಡಿ. ರಾತ್ರಿ ಎದ್ದು ಬರುವ ಮಗುವಿನ ಭಯ ಒಂದು, ಸೊಳ್ಳೆ ಇನ್ನೊಂದು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಿರುವುದು ಇಂಥ ತಿಳಿ ನೀರೇ. ಮೊಟ್ಟೆ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ಮೊಟ್ಟೆಗಳು ಅಂಚಿಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿದ್ದರೂ ಬದುಕಿರುತ್ತವೆ, ಹಾಗಾಗಿ ಒಳಗೋಡೆಯನ್ನು ಉಜ್ಜಿ ತೊಳೆಯಬೇಕು. ದೋಣಿ, ಡಬ್ಬಿ ಎಲ್ಲ ಬೋರಲು ಹಾಕಿ. ಪಿಚಕಾರಿಯನ್ನು ಖಾಲಿ ಮಾಡಿ, ಮೂತಿ ಕೆಳಗಾಗಿ ನಿಲ್ಲಿಸಿ.

ಜೂನ್ ಬಂದಾಗ ತೊಟ್ಟಿಯನ್ನು ನೆರಳಲ್ಲಿ ಒಣಗಿಸಿ, ಒಳಗೆ ಸ್ವಲ್ಪ ಟಾಲ್ಕಂ ಪೌಡರ್ ಉದುರಿಸಿ ಮಡಚಿದರೆ ಅಂಟಿಕೊಳ್ಳುವುದಿಲ್ಲ. ಇಲಿ ಓಡಾಡುವ ಅಟ್ಟದಲ್ಲಿ ಇಡಬೇಡಿ, ಮುಚ್ಚಳದ ಡಬ್ಬದಲ್ಲಿಡಿ. ತೂತಾದರೆ ಸೈಕಲ್ ಅಂಗಡಿಯ ಪಂಕ್ಚರ್ ಸಲ್ಯೂಷನ್ ಈ ಪ್ಲಾಸ್ಟಿಕ್ಕಿಗೆ ಸರಿಯಾಗಿ ಹಿಡಿಯುವುದಿಲ್ಲ, ಡಬ್ಬದ ಜೊತೆ ಬಂದ ತೇಪೆಯನ್ನೇ ಜೋಪಾನ ಮಾಡಿ. ನಾನದನ್ನು ಎಲ್ಲೋ ಎಸೆದಿದ್ದೆ. ಹಾಗಾಗಿ ಡಾಲ್ಫಿನ್ ತೊಟ್ಟಿಯ ತಳ ಈಗ ಮಳೆಗಾಲದಲ್ಲಿ ನನ್ನ ಸ್ಕೂಟರ್ ಸೀಟಿನ ಹೊದಿಕೆ.